ಕತ್ತಲೆಗೆ ಚಪ್ಪಾಳೆ

ಮಗಳು ಗ್ರೀಷ್ಮಾ ಯೀಸ್ಟಿನ ಹೊಟ್ಟೆಯಲ್ಲಿ ದೀಪ ಹಚ್ಚುತ್ತಾಳೆಂದು ವೀರಭದ್ರಪ್ಪ ಕೊಚ್ಚಿ ಬಳಿಯ ಕಳಮಶ್ಶೇರಿಯ ತಮ್ಮ ಕಚೇರಿಯಲ್ಲಿ ಎಷ್ಟು ಸಲ ಹೇಳಿದ್ದರೆಂದರೆ, ಮೆಟ್ರೋ ಕೂಡ ಅಲ್ಲಿ ಅರ್ಧ ನಿಮಿಷ ಹೆಚ್ಚು ನಿಂತು ಕೇಳಿಕೊಂಡು ಹೋಗುತ್ತಿತ್ತು. ಕೋಶ ತನ್ನ ಡಿಎನ್‌ಎ ನಕಲು ಮಾಡುವಾಗ ಹೊಸ ಎಳೆಯೊಳಗೆ ಗುರುತಿನ ಕಣವೊಂದು ಸೇರಬೇಕು. ಆಮೇಲೆ ಬಣ್ಣ ಹಾಕಿದರೆ ಹೊಸ ಎಳೆ ಮಾತ್ರ ಹೊಳೆಯುತ್ತದೆ. ಆದರೆ ಯೀಸ್ಟ್ ಮಹಾ ಮಡಿವಂತ, ಹೊರಗಿನ ಆ ಕಣವನ್ನು ಮುಟ್ಟುವುದಿಲ್ಲ. ಗ್ರೀಷ್ಮಾ ಅದಕ್ಕೆ ಎರಡು ಜೀನು ಕೊಟ್ಟು, ಒಂದರಿಂದ ಬಾಗಿಲು ತೆರೆಸಿ, ಇನ್ನೊಂದರಿಂದ ಉಣ್ಣಲು ಕಲಿಸಿದ್ದಳು.

ಸೋಮವಾರ ತಿರುವನಂತಪುರದ ಅವಳ ಸಂಶೋಧನಾ ಸಂಸ್ಥೆಯಲ್ಲಿ ಪರಿಶೀಲನಾ ಸಮಿತಿ ಒಪ್ಪದಿದ್ದರೆ ಅವಳ ಮೂರು ವರ್ಷದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಭಾನುವಾರ ಬೆಳಿಗ್ಗೆ ವೀರಭದ್ರಪ್ಪ ಅಲ್ಲಿನ ತಂಪಾನೂರು ನಿಲ್ದಾಣದಲ್ಲಿ ಇಳಿದು ನೇರ ಪ್ರಯೋಗಾಲಯಕ್ಕೆ ಹೋದರು. ಪರದೆಯ ಮೇಲೆ ಎರಡು ಚಿತ್ರ, ಎರಡರಲ್ಲೂ ಹಸಿರು ಹೊಳಪು. ಮಗಳ ಮುಖದಲ್ಲಿ ಮಾತ್ರ ಹೊಳಪಿರಲಿಲ್ಲ.

"ಬಲಗಡೇದು ಹೊಳೀಬಾರದಪ್ಪಾ. ಅದು ಬಾಗಿಲಿಲ್ಲದ ಬರೀ ಯೀಸ್ಟ್."

ಸರಿಯಾಗಿ ತೊಳೆಯದ್ದರಿಂದ ಬಣ್ಣ ಕೋಶಗಳಿಗೇ ಅಂಟಿಕೊಂಡಿತ್ತು. ಹಾಗಾದರೆ ಎಡಗಡೆಯ, ಜೀನು ಕೊಟ್ಟ ಯೀಸ್ಟಿನ ಹೊಳಪನ್ನೂ ನಂಬುವಂತಿಲ್ಲ.

ವೀರಭದ್ರಪ್ಪ ದನಿ ತಗ್ಗಿಸಿದರು. "ಬಲಗಡೀದು ತೋರಸಬ್ಯಾಡ ಬಿಡವಾ. ಯಾರ ಕೇಳ್ತಾರ?"

"ನಾ ಕೇಳ್ತೀನಲ್ಲ. ನೀ ಹೋಗಿ ಚಾಯ ಕುಡಿ."

ಅವರು ಹದಿನೆಂಟು ಚಹಾ ಕುಡಿದರು. ಅವಳು ಉಳಿಸಿಟ್ಟಿದ್ದ ಮಾದರಿಗಳಿಗೆ ಹೊಸದಾಗಿ ಬಣ್ಣ ಹಾಕಿ ತೊಳೆದಳು; ತೊಳೆದ ರಭಸಕ್ಕೆ ಅರ್ಧ ಊರಿನ ನಲ್ಲಿಗಳು ಒಣಗಿದವು.

ಮರುದಿನ ಗ್ರೀಷ್ಮಾ ಮೊದಲು ಹಳೆಯ ಚಿತ್ರಗಳನ್ನೇ ತೋರಿಸಿ, ತೊಳೆಯುವುದರಲ್ಲಿ ತಪ್ಪಿದ್ದು ತಾನೇ ಎಂದಳು. ಹಿಂದಿನ ಸಾಲಿನಲ್ಲಿ ವೀರಭದ್ರಪ್ಪ ಕಣ್ಣು ಮುಚ್ಚಿಕೊಂಡರು. ತೆರೆದಾಗ ಹೊಸ ಚಿತ್ರಗಳು ಬಂದಿದ್ದವು: ಎಡಗಡೆ ಹಸಿರು ಹಾಗೇ ಇತ್ತು, ಬಲಗಡೆ ಕಾಡಿಗೆಯಂಥ ಕತ್ತಲೆ. ಆ ಕತ್ತಲೆಗೆ ಅವರೊಬ್ಬರೇ ಚಪ್ಪಾಳೆ ತಟ್ಟಿದರು, ಅರಬ್ಬೀ ಸಮುದ್ರ ಒಂದು ಗೇಣು ಹಿಂದೆ ಸರಿಯುವಷ್ಟು ಜೋರಾಗಿ. ಸಮಿತಿಯ ಹಿರಿಯೆ ಡಾಕ್ಟರ್ ಗ್ರೇಸಿ ತಿರುಗಿ ನೋಡಿ, ನಕ್ಕು, ತಾವೂ ತಟ್ಟಿದರು. ಕೆಲಸ ಮುಂದುವರಿಯಲಿ ಎಂದರು.

ವಾಪಸು ಹೋಗುವಾಗ ವೀರಭದ್ರಪ್ಪ ಹರಕು ಮಲಯಾಳದಲ್ಲಿ ಆಟೋದವನಿಗೆ ಎಲ್ಲ ಹೇಳಿದರು. ಏನೇನೂ ಕಾಣದ ಇಂಥ ಚಿತ್ರ ಕೇರಳದಲ್ಲೇ ಯಾರೂ ತೆಗೆದಿಲ್ಲವಂತೆ. ಚಾಲೈ ಮಾರುಕಟ್ಟೆ ಬಳಿ ಅವನು ಗಾಡಿ ನಿಲ್ಲಿಸಿ, ಆ ಚಿತ್ರ ತೋರಿಸಲು ಅವರು ಚಾಚಿದ ಫೋನಿನ ಕರಿ ಪರದೆಯನ್ನು ಬಹಳ ಹೊತ್ತು ನೋಡಿ, ಚೆನ್ನಾಗಿ ಬಂದಿದೆ ಸಾರ್ ಎಂದ.