ಫ್ಲಾಸ್ಕು ಇಳಿದುಹೋದ ಮೇಲೆ

೧
ಎಲ್ಲಿಂದ ಶುರು ಮಾಡಲಿ ಹೇಳಿ? ವಿಮಾನದಿಂದ ಶುರು ಮಾಡಿದ್ದೆ, ಹರಿದು ಹಾಕಿದೆ. ವಿಮಾನದಲ್ಲಿ ಎಲ್ಲರೂ ಬೆಲ್ಟು ಕಟ್ಟಿ ಕೂರಿಸಿದ ಬದನೆಕಾಯಿಗಳೇ. ದೇಶದಿಂದ ಶುರು ಮಾಡೋಣವೆಂದರೆ ಅದು ನನ್ನ ನೋಟ್‌ಬುಕ್ಕಿನಲ್ಲಿ ಹಿಡಿಸುವುದಿಲ್ಲ. ಎಷ್ಟು ದೊಡ್ಡದು ಅಂತೀರಿ! ಈ ತುದಿಯಲ್ಲಿ ಒಬ್ಬ ಸೀನಿದರೆ, ಆ ತುದಿಯವರು ‘ಚಿರಂಜೀವಿ’ ಅನ್ನುವಷ್ಟರಲ್ಲಿ ಅವನ ನೆಗಡಿ ವಾಸಿಯಾಗಿ, ಮದುವೆಯಾಗಿ, ಎರಡು ಮಕ್ಕಳಾಗಿರುತ್ತವೆ. (ಜಾಸ್ತಿಯಾಯಿತೇ? ಒಂದು ಮಗು ಕಳೆಯಿರಿ.)

ರೈಲಿನಿಂದಲೇ ಶುರು.

೨
ಆರು ದಿನದ ರೈಲು. ಅದರಲ್ಲೊಂದು ಬೆಂಕಿಪೊಟ್ಟಣದಂಥ ಕೋಣೆ. ಅದರಲ್ಲಿ ಇಬ್ಬರು ಓರಗಿತ್ತಿಯರು. ದೊಡ್ಡಾಕೆ ಟೈಲರ್, ಕೊರಳಲ್ಲಿ ಅಳತೆ ಟೇಪು ಇಲ್ಲದಿದ್ದರೆ ಬೋಳುಬೋಳು ಅನ್ನಿಸುತ್ತದೆ ಅವಳಿಗೆ. ಚಿಕ್ಕಾಕೆ ರಿಟೈರಾದ ಲೆಕ್ಕದ ಟೀಚರ್. ಒಂದೇ ಮನೆ, ಅವಳು ಕೆಳಗೆ, ಇವಳು ಮೇಲೆ. ಮಾತು ಬಿಟ್ಟು ಹನ್ನೊಂದು ವರ್ಷ.

ಕಾರಣ ಒಂದು ರವಿಕೆ. ದೊಡ್ಡಾಕೆ ಹೊಲಿದದ್ದು ಚಿಕ್ಕಾಕೆಗೆ ಬಿಗಿಯಾಯಿತು. ಚಿಕ್ಕಾಕೆ ತುಂಬಿದ ಮದುವೆಮನೆಯಲ್ಲಿ, “ನಮ್ಮಕ್ಕ ಟೇಪು ನೋಡಿ ಹೊಲಿದ್ರೋ, ಹೊಟ್ಟೆಕಿಚ್ಚು ನೋಡಿ ಹೊಲಿದ್ರೋ” ಅಂದಳು. ಮುಗಿಯಿತು.

ಮತ್ತೆ ಒಂದೇ ಕೋಣೆ ಹೇಗೆ? ಒಬ್ಬಳ ಹೊಟ್ಟೆ ಇನ್ನೊಬ್ಬಳು ಉರಿಸಬೇಕೆಂದು ಇಬ್ಬರೂ ಗುಟ್ಟಾಗಿ ಟೂರ್ ಬುಕ್ ಮಾಡಿದ್ದರು. ಟ್ರಾವೆಲ್ ಆಫೀಸಿನವನು ಎರಡು ಫಾರಮ್ಮಿನಲ್ಲೂ ಒಂದೇ ಅಡ್ರೆಸ್ ನೋಡಿ, ಪಾಪ ಜೊತೆಗಿರಲಿ ಎಂದು ಪುಣ್ಯ ಕಟ್ಟಿಕೊಂಡ. ಏರ್‌ಪೋರ್ಟಿನ ಕ್ಯೂನಲ್ಲಿ ಮೂಗಿಗೆ ಮೂಗು.

೪
(ಮೂರು ಚೆನ್ನಾಗಿರಲಿಲ್ಲ. ಅದರಲ್ಲಿ ಬರೀ ಮೌನವಿತ್ತು. ಓದುವವರು ಎದ್ದು ಹೋಗುತ್ತಾರೆ.)

ಮೌನ ಒಂದು ದಿನವೂ ಬಾಳಲಿಲ್ಲ. ಕಿಟಕಿಯಾಚೆ ಒಂದು ಕೆರೆ ಬಂತು, ಬೆಳಗಿನ ಕಾಫಿಗೆ ಶುರುವಾದದ್ದು ಮಧ್ಯಾಹ್ನದ ಊಟಕ್ಕೂ ಮುಗಿಯಲಿಲ್ಲ. ದೊಡ್ಡಾಕೆಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಇಂಥದ್ದನ್ನು ಕಂಡು ‘ನೋಡೇ’ ಅನ್ನದೆ ಇರುವುದು ಹೇಗೆ? ಇಡೀ ಬೋಗಿಯಲ್ಲಿ ಕನ್ನಡ ತಿಳಿದವಳು ಎದುರಿಗಿರುವವಳೊಬ್ಬಳೇ. ಕೊನೆಗೆ, ನಡುವಿನ ಮೇಜಿನ ಮೇಲೆ ಚಿಕ್ಕಾಕೆಯ ಫ್ಲಾಸ್ಕು ಕೂತಿತ್ತಲ್ಲ, ಅದರ ಕಡೆ ತಿರುಗಿದಳು.

“ಫ್ಲಾಸ್ಕೇ, ನೋಡೇ ಅಲ್ಲಿ, ಕೆರೆ ದಂಡೇಲಿ! ಕುದುರೆ! ಸಾವಿರ ಕುದುರೆ!”

ಚಿಕ್ಕಾಕೆ ಕನ್ನಡಕ ಏರಿಸಿ ನೋಡಿದಳು. “ಫ್ಲಾಸ್ಕೇ, ಸಾವಿರ ಅಲ್ಲ, ಹದಿನೇಳು. ಕೆಲವರಿಗೆ ಅಳತೆನೂ ಬರಲ್ಲ, ಎಣಿಕೆನೂ ಬರಲ್ಲ.”

“ಫ್ಲಾಸ್ಕೇ, ಕೆಲವರು ಸ್ವರ್ಗಕ್ಕೆ ಹೋದ್ರೂ ಮೆಟ್ಟಿಲು ಎಣಿಸ್ತಾ ಹೊರಗೇ ನಿಂತಿರ್ತಾರೆ.”

ಫ್ಲಾಸ್ಕು ಯಾರ ಪಕ್ಷವನ್ನೂ ವಹಿಸಲಿಲ್ಲ. ಹೀಗೆ ಮೂರು ದಿನ. ದೊಡ್ಡಾಕೆ ಬೇಕೆಂದೇ ಸುಳ್ಳು ಲೆಕ್ಕ ಹೇಳುವಳು, ತಿದ್ದುಪಡಿಗೆ ಕಾಯುವಳು. ಹನ್ನೊಂದು ವರ್ಷದಲ್ಲಿ ಇಷ್ಟು ಖುಷಿಯಾಗಿರಲಿಲ್ಲ ಅವಳಿಗೆ. (ಇದನ್ನು ಬರೆದದ್ದಕ್ಕೆ, “ಅದೆಲ್ಲ ಯಾಕಮ್ಮ ಊರಿಗೆಲ್ಲ ಸಾರ್ತೀಯ?” ಎಂದು ಕಾಗದದೊಳಗಿಂದಲೇ ನನ್ನ ಮೇಲೆ ಎಗರಿದಳು.)

೫
ನಾಲ್ಕನೆಯ ದಿನ. ಬಯಲಿನ ನಡುವೆ ಒಂದು ಸ್ಟೇಷನ್, ಐದೇ ನಿಮಿಷದ ನಿಲುಗಡೆ. ಚಿಕ್ಕಾಕೆ ಬಿಸಿನೀರಿಗೆ ಇಳಿದಳು. ನೀರು ಹಿಡಿದವಳು ಬಯಲು ನೋಡುತ್ತ ಹಾಗೇ ನಿಂತುಬಿಟ್ಟಳು. ರೈಲು ಸೀಟಿ ಹಾಕಿತು. ಅವಳು ತಿರುಗಲಿಲ್ಲ.

ದೊಡ್ಡಾಕೆ ಬಾಗಿಲಿಗೆ ಓಡಿದಳು. ಬಾಯಿ ತೆರೆದಳು. ಹೇಳಿ ಕಳಿಸೋಣವೆಂದರೆ ಫ್ಲಾಸ್ಕೂ ಅವಳ ಜೊತೆಗೇ ಇಳಿದುಹೋಗಿದೆ!

“ನೀನೇ ಕೂಗಮ್ಮ, ಕಥೆ ನಿಂದು ತಾನೆ?” ಎಂದಳು ನನಗೆ.

“ನನ್ನ ದನಿ ಕಾಗದದಿಂದಾಚೆ ಹೋಗಲ್ಲ ಕಣೇ. ಲೇ ಅನ್ನು, ಸಾಕು.”

“ಹನ್ನೊಂದು ವರ್ಷ! ನಾನ್ಯಾಕೆ ಮೊದಲು?”

ಎಂಡಿಂಗ್ ಒಂದು: ಕೂಗುತ್ತಾಳೆ, ಚಿಕ್ಕಾಕೆ ಓಡಿ ಬರುತ್ತಾಳೆ, ತಬ್ಬಿಕೊಂಡು ಗಳಗಳ ಅಳುತ್ತಾರೆ. ಥೂ! ಕಣ್ಣು ಒರೆಸುತ್ತ ಕೂತರೆ ದೇಶ ನೋಡುವವರು ಯಾರು?

ಎಂಡಿಂಗ್ ಎರಡು: ಕೂಗುವುದಿಲ್ಲ. ರೈಲು ಹೊರಡುತ್ತದೆ. ಇನ್ನೆರಡು ದಿನ ಕಿಟಕಿ ತುಂಬ ಕುದುರೆ, ‘ಅಲ್ಲ, ಹದಿನೇಳು’ ಅನ್ನುವವರು ಒಬ್ಬರೂ ಇಲ್ಲ. ನನ್ನ ಯಜಮಾನರು ಹೋದ ಮೇಲೆ ನನ್ನ ಸುಳ್ಳನ್ನೂ ಯಾರೂ ತಿದ್ದುವುದಿಲ್ಲ. ಎಷ್ಟು ಉಬ್ಬಿಸಿ ಹೇಳಿದರೂ ರುಚಿಯಿಲ್ಲ. ಇದನ್ನು ದೊಡ್ಡಾಕೆಗೆ ಓದಿ ಹೇಳಿದೆ. ಅವಳ ಮುಖ ಸಣ್ಣಗಾಯಿತು.

“ಹರಿದು ಹಾಕು ಅದನ್ನ,” ಅಂದಳು. ಹರಿದೆ.

೬
ರೈಲು ಅಲುಗಿತು. ದೊಡ್ಡಾಕೆ ಬಾಗಿಲಲ್ಲಿ ಜೋತುಬಿದ್ದು, ಚಿಕ್ಕಾಕೆಯನ್ನಲ್ಲ, ಆಕಾಶವನ್ನು ನೋಡಿ ಕಿರುಚಿದಳು:

“ಅಯ್ಯಯ್ಯೋ! ಒಂಟೆ! ಹತ್ತು ಸಾವಿರ ಒಂಟೆ!”

ಚಿಕ್ಕಾಕೆ ಗಿರಕ್ಕನೆ ತಿರುಗಿದಳು. ತಪ್ಪು ಲೆಕ್ಕ ಕೇಳಿ ಸುಮ್ಮನಿರುವ ಜೀವವೇ ಅದು? ಸೀರೆ ಎತ್ತಿ ಕಟ್ಟಿ, ಫ್ಲಾಸ್ಕು ಕಂಕುಳಿಗೆ ಸಿಕ್ಕಿಸಿ ಓಡತೊಡಗಿದಳು.

“ಎಲ್ಲಿ ಅಕ್ಕಾ ಒಂಟೆ? ಒಂದೂ ಇಲ್ಲ! ಒಂದೇ ಒಂದೂ ಇಲ್ಲ!”

ದೊಡ್ಡಾಕೆ ಕೊರಳಿನ ಟೇಪು ಕಿತ್ತು, ಒಂದು ತುದಿ ಮುಷ್ಟಿಯಲ್ಲಿ ಹಿಡಿದು, ಇನ್ನೊಂದನ್ನು ಹೊರಗೆ ಬೀಸಿದಳು.

ಸಿಕ್ಕಿತೇ? ನನ್ನನ್ನೇನು ಕೇಳುತ್ತೀರಿ! ಟೇಪು ಇರುವುದು ಅರವತ್ತು ಇಂಚು. ಮಿಕ್ಕ ದೂರ ಎಷ್ಟು ಎಂದು ನಾನು ಹೇಳಿದರೆ ನೀವು ನಂಬುವುದಿಲ್ಲ. ಅವಳು ಓಡುತ್ತಿದ್ದಾಳೆ, ಇವಳು ಬಗ್ಗುತ್ತಿದ್ದಾಳೆ, ಇಬ್ಬರೂ ಒಂಟೆಯ ಬಗ್ಗೆ ಜಗಳವಾಡುತ್ತಿದ್ದಾರೆ, ಮತ್ತು ದೇಶ ಇನ್ನೂ ಅರ್ಧ ಉಳಿದಿದೆ.