ನಮ್ಮಲ್ಲಿ ಅದೆಲ್ಲಾ ಇಲ್ಲ

ಸವದತ್ತಿಯ ಆ ಪ್ರೌಢಶಾಲೆಯ ಸ್ಟಾಫ್ ರೂಮಿನಲ್ಲಿ ಜೀವರತ್ನ ಮಾಸ್ತರರ ಮಾತಿಗೆ ಒಂದು ತೂಕವಿತ್ತು. ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದವರು, ಯಾರ ಮೇಲೂ ದನಿ ಏರಿಸಿದವರಲ್ಲ. ಅಲ್ಲಿ ಬಹುಕಾಲ ಅವರೊಬ್ಬರೇ ಕ್ರೈಸ್ತರು. ಊಟದ ಹೊತ್ತಿನಲ್ಲಿ ವರದಕ್ಷಿಣೆಯ ಮಾತು ಬರಲಿ, ಗಂಡನನ್ನು ಬಿಟ್ಟು ಬಂದ ಹೆಣ್ಣುಮಗಳ ಮಾತು ಬರಲಿ, ವಾದ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು, "ಸರ, ನಿಮ್ಮ ಶಾಸ್ತ್ರದಾಗ ಇದಕ್ಕೇನ ಅಂದಾರ?" ಎಂದು ಕೇಳುತ್ತಿದ್ದರು. ಮಾಸ್ತರರು ಡಬ್ಬಿ ಮುಚ್ಚಿ, ಕೈ ಒರೆಸಿಕೊಂಡು, ಏಸುಸ್ವಾಮಿಯ ಒಂದು ಪ್ರಸಂಗ ಹೇಳುತ್ತಿದ್ದರು. ಹಾಗೆ ಯಾರಾದರೂ ತಮ್ಮನ್ನು ಕೇಳುವುದೆಂದರೆ ಅವರಿಗೆ ಇಷ್ಟ. ಆ ಇಷ್ಟಕ್ಕೆ ಅವರು ಸೇವೆ ಎಂದು ಹೆಸರಿಟ್ಟುಕೊಂಡಿದ್ದರು.

ಎರಡು ವರ್ಷದ ಹಿಂದೆ ವಿಜ್ಞಾನ ಕಲಿಸಲು ನಿಂಗರಾಜ ಬಂದ. ಕಟಕೋಳದ ಹುಡುಗ. ಅವನ ಅಪ್ಪ ಅಮೋಘಸಿದ್ದಪ್ಪ, ಮೂವತ್ತು ವರ್ಷದ ಹಿಂದೆ ಮಾದರ ಕೇರಿಯ ಇನ್ನೂ ಆರು ಮನೆಗಳ ಜೊತೆ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತನಾದವನು. ದೇವರು ಬದಲಾದರೂ ಮನೆಯಲ್ಲಿ ಹೆಸರುಗಳು ಹಾಗೇ ಉಳಿದಿದ್ದವು. ವಾರವಿಡೀ ಒಂದೇ ಸ್ಟಾಫ್ ರೂಮು, ಭಾನುವಾರ ಚರ್ಚಿನಲ್ಲಿ ಒಂದೇ ಸಭೆ. ನಿಂಗರಾಜನೆಂದರೆ ಮಾಸ್ತರರಿಗೆ ಅಚ್ಚುಮೆಚ್ಚು.

ಹೋದ ಮಾರ್ಚಿನಲ್ಲಿ ಸಭೆಯ ಪಾಸ್ಟರು ಮಾಸ್ತರರ ಮನೆಗೆ ಬಂದು ನಿಂಗರಾಜನಿಗೆ ಎಸ್ತೇರಳನ್ನು ಕೇಳಿದರು. ಎಸ್ತೇರ ಮಾಸ್ತರರ ಒಬ್ಬಳೇ ಮಗಳು, ಬೈಲಹೊಂಗಲದ ಒಂದು ಶಾಲೆಯಲ್ಲಿ ಟೀಚರ್. "ಹುಡುಗಿ ಇನ್ನೂ ಎಂ.ಎ. ಮಾಡಬೇಕಂತಾಳ್ರಿ," ಎಂದರು ಮಾಸ್ತರರು. ಎಸ್ತೇರ ಹಾಗೆ ಅಂದಿರಲಿಲ್ಲ. ಅವಳನ್ನು ಯಾರೂ ಕೇಳಿಯೂ ಇರಲಿಲ್ಲ.

ಪಾಸ್ಟರು ಹೋದ ಮೇಲೆ ಹೆಂಡತಿ ಸುಶೀಲಾ ಅಂದಳು: "ಹುಡುಗ ಬಂಗಾರದಂಥಾಂವ. ಆದ್ರ ಯಾವ ಕೇರ್ಯಾಂವ ಅಂತ ಊರಿಗೇ ಗೊತ್ತೈತಿ. ನಾಳೆ ಅವರ ಮನಿಗೆ ನಮ್ಮ ಬೆಟಗೇರಿ ಮಂದಿ ಬರತಾರೇನು?"

"ಅದಕ್ಕ ಅಲ್ಲೇನ ನಾ ಹಂಗಂದದ್ದು," ಎಂದಿದ್ದರು ಮಾಸ್ತರರು.

ಮಾಸ್ತರರ ಅಜ್ಜ ಬೆಟಗೇರಿಯ ನೇಕಾರ ಮನೆತನದಿಂದ ಕ್ರೈಸ್ತರಾದವರು. ಅಲ್ಲಿಂದ ಮೂರು ತಲೆಮಾರು, ಕೊಡುವುದು ತರುವುದು ಎಲ್ಲ ಅದೇ ಹತ್ತಾರು ಮನೆಗಳೊಳಗೆ. ಅದಕ್ಕೆ ಜಾತಿ ಎಂದು ಯಾರೂ ಅಂದಿರಲಿಲ್ಲ. 'ನಮ್ಮ ಮನೆತನಗಳು' ಅನ್ನುತ್ತಿದ್ದರು.

ಶಾಲೆಯಲ್ಲಿ ನಿಂಗರಾಜ ಮೊದಲಿನಂತೆಯೇ ನಮಸ್ಕಾರ ಮಾಡಿದ. ಅವನಿಗೆ ಏನೂ ತಿಳಿದಿಲ್ಲ ಎಂದು ಮಾಸ್ತರರಿಗೆ ನೆಮ್ಮದಿಯಾಯಿತು.

ಜುಲೈ ತಿಂಗಳ ಒಂದು ಶುಕ್ರವಾರ. ದಲಿತರ ತಲೆ ಮುಟ್ಟಬೇಕಾಗುತ್ತದೆಂದು ಯಾವುದೋ ಹಳ್ಳಿಯಲ್ಲಿ ಕಟಿಂಗ್ ಅಂಗಡಿಯನ್ನೇ ಮುಚ್ಚಿದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಊಟಕ್ಕೆ ಕುಳಿತಾಗ ಅದೇ ಮಾತು ಎದ್ದಿತು.

"ಸಾವಿರ ವರ್ಷದ್ದು ಒಂದ ದಿನದಾಗ ಹೋಗಂಗಿಲ್ರಿ," ಎಂದರು ಕನ್ನಡ ಕಲಿಸುವ ನಾಗರತ್ನಾ ಬಾಯಿ. "ಬಾಯಿಲೆ ಎಲ್ಲಾರೂ ಒಂದ ಅಂತೇವಿ. ಮನಿಗೆ ಹೋದಮ್ಯಾಲೆ ಎಲ್ಲಾರೂ ನೋಡೇ ನೋಡತಾರ."

"ನೋಡಂಗಿಲ್ಲ ಬಾಯಾರ," ಎಂದರು ಜೀವರತ್ನ ಮಾಸ್ತರರು. ಎಂದಿನಂತೆ ಡಬ್ಬಿ ಮುಚ್ಚಿದರು. ತನ್ನ ಜನ ಮುಟ್ಟದ ಕುಲದ ಹೆಂಗಸಿನ ಹತ್ತಿರ ಏಸುಸ್ವಾಮಿ ಬಾವಿಕಟ್ಟೆಯ ಮೇಲೆ ಕುಳಿತು ಕುಡಿಯಲು ನೀರು ಕೇಳಿದ್ದನ್ನು ಹೇಳಿದರು. ಚೆನ್ನಾಗಿಯೇ ಹೇಳಿದರು. "ಅವತ್ತ ಆ ಕೊಡದ ಜೋಡಿ ಎಲ್ಲಾ ಮುಗದು ಹೋತು. ನಮ್ಮಲ್ಲಿ ಅದೆಲ್ಲಾ ಇಲ್ಲ."

ಜಹೀರ ಪಿ.ಟಿ. ಮಾಸ್ತರ. ಅವನ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೇ ತಿಳಿಯುವ ಆಸೆಯಿತ್ತು. "ಲಗ್ನದಾಗೂ ನೋಡಂಗಿಲ್ಲೇನ್ರಿ ಸರ?"

"ಇಲ್ಲ. ವಿಶ್ವಾಸ ಒಂದ ನೋಡತೇವಿ."

ಮಾತು ಬಾಯಿಂದ ಬಿದ್ದಮೇಲೆ, ಕಿಟಕಿಯ ಪಕ್ಕ ಉತ್ತರಪತ್ರಿಕೆ ತಿದ್ದುತ್ತ ಕುಳಿತ ನಿಂಗರಾಜ ಅವರ ಕಣ್ಣಿಗೆ ಬಿದ್ದ. ಜಹೀರನೂ ಅತ್ತ ತಿರುಗಿದ. "ನಿಂಗರಾಜ ಸರ, ನೀವೂ ಅದ ಸಭಾದವರಲ್ಲಾ? ಖರೇ ಏನ್ರಿ?"

ನಿಂಗರಾಜ ತಲೆ ಎತ್ತಿದ. "ಸರ ಹೇಳಿದ್ದು ದೇವರ ವಾಕ್ಯದಾಗ ಹಂಗ ಐತ್ರಿ," ಎಂದು ಮತ್ತೆ ತಿದ್ದತೊಡಗಿದ.

ಸುಳ್ಳು ಹೇಳಲಿಲ್ಲ, ಮಾಸ್ತರರನ್ನು ಹಿಡಿದುಕೊಡಲೂ ಇಲ್ಲ. ಜೀವರತ್ನರಿಗೆ ಆಗ ಹೊಳೆಯಿತು: ಅವನಿಗೆ ಎಲ್ಲ ಗೊತ್ತಿತ್ತು. ನಾಲ್ಕು ತಿಂಗಳಿಂದ ಗೊತ್ತಿದ್ದೂ ನಮಸ್ಕಾರ ಮಾಡಿದ್ದ. ಮುಂದಿನ ತಾಸಿನಲ್ಲಿ ಹತ್ತನೆಯ ತರಗತಿಗೆ ಹೋಗಿ ಒಂದೇ ಸಾಲನ್ನು ಎರಡು ಸಲ ಓದಿದರು. ಮಕ್ಕಳು ಮುಖ ಮುಖ ನೋಡಿಕೊಂಡರು.

ಶಾಲೆ ಬಿಟ್ಟಾಗ ಗಾಡಿ ನಿಲ್ಲಿಸುವಲ್ಲಿ ಅವನಿಗಾಗಿ ಕಾದು ನಿಂತರು. "ನಿಂಗರಾಜ, ಆ ಎಂ.ಎ. ಮಾತು..."

"ಗೊತ್ತೈತ್ರಿ ಸರ. ಅದರ ಮುಂದಿನ ತಿಂಗಳನ ಗದಗಿನ ಕಡೆ ವರಾ ಬಂದು ನೋಡಿಕೊಂಡು ಹೋತಂತ. ಸಭಾದಾಗ ಎಲ್ಲಾರೂ ಮಾತಾಡಿದ್ರು."

"ನನ್ನ ತಪ್ಪಾತಪಾ. ಇವತ್ತ ಯಾಕ ಸುಮ್ನ ಕುಂತಿ? ಹೇಳಿಬಿಡಬೇಕಿತ್ತು."

"ಹೇಳಿದ್ರ ಅವರು ನಗತಿದ್ರು ಸರ. ನಿಮಗ ನಕ್ಕಿದ್ರ ಹೋಗಲಿ. ಆ ಬಾವಿಕಟ್ಟಿ ಮ್ಯಾಲೆ ಕುಂತಾಂವಗ ನಗತಿದ್ರು." ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತ ಅಂದ: "ನಂದೇನ ಇಲ್ರಿ. ನಮ್ಮಪ್ಪ ಕೇಳಿದಾ, 'ಅಲ್ಲೂ ಅಷ್ಟ ಏನೋ ತಮ್ಮಾ?' ಅಂತ. ಅವಂಗ ಹೇಳಾಕ ನನ್ನ ಕಡೆ ಏನೂ ಇದ್ದಿಲ್ಲ."

ಶನಿವಾರ ಎಸ್ತೇರ ಊರಿಗೆ ಬಂದಾಗ ಮಾಸ್ತರರು ಅವಳೆದುರು ಎಲ್ಲ ಹೇಳಿದರು. ಸುಶೀಲಾ ಕೇಳಲಾಗದೆ ಎದ್ದು ಹಿತ್ತಲಿಗೆ ಹೋದಳು.

"ನನ್ನ ಯಾಕ ಕೇಳಲಿಲ್ಲಪ್ಪಾ?"

"ಕೇಳಿದ್ರ ಹೂಂ ಅಂತಿದ್ದೇನು?"

ಎಸ್ತೇರ ಅಪ್ಪನ ಮುಖ ನೋಡಿದಳು. "ಗೊತ್ತಿಲ್ಲ. ಅದನ್ನ ತಿಳಕೊಳ್ಳೂ ದಾರೀನೂ ಈಗ ಉಳೀಲಿಲ್ಲ." ಎದ್ದು ಒಳಗೆ ಹೋದಳು. ಭಾನುವಾರ ಅಪ್ಪನೊಡನೆ ಸಭೆಗೆ ಬರಲಿಲ್ಲ.

ಅಂದು ಸಂಜೆ ಮಾಸ್ತರರು ನಿಂಗರಾಜನಿಗೆ ಫೋನು ಮಾಡಿದರು. ಸ್ಟಾಫ್ ರೂಮಿನಲ್ಲಿ ಸತ್ಯ ಹೇಳುತ್ತೇನೆ, ಆದರೆ ನಿನ್ನ ಹೆಸರು ತರಲೋ ಬೇಡವೋ ಎಂದು ಕೇಳಿದರು. "ಹೆಸರ ಬ್ಯಾಡ್ರಿ," ಎಂದ.

ಸೋಮವಾರ ಎಲ್ಲರೂ ಊಟಕ್ಕೆ ಕುಳಿತಾಗ ಮಾಸ್ತರರು ಎದ್ದು ನಿಂತರು. ಹೆಡ್‌ಮಾಸ್ತರ ನಿಜಗುಣಪ್ಪನವರೂ ಅಲ್ಲೇ ಇದ್ದರು. "ಶುಕ್ರವಾರ ಜಹೀರ ಸರ ಕೇಳಿದಾಗ ನಾ ಸುಳ್ಳು ಹೇಳಿದೆ," ಎಂದರು. ಸಭೆಯದೇ ಒಬ್ಬ ಹುಡುಗನ ಸಂಬಂಧ ಮಗಳಿಗೆ ಬಂದಿದ್ದನ್ನೂ, ಕುಲ ನೋಡಿ ಬೇಡವೆಂದು ಓದಿನ ನೆಪ ಹೇಳಿದ್ದನ್ನೂ ಹೇಳಿದರು.

ಎಲ್ಲರೂ ಮುಖ ತಿರುಗಿಸುತ್ತಾರೆ ಎಂದು ಅವರು ಸಿದ್ಧರಾಗಿ ಬಂದಿದ್ದರು. ಹಾಗಾಗಲಿಲ್ಲ.

"ಹೋಗಲಿ ಬಿಡ್ರಿ ಸರ," ಎಂದರು ನಿಜಗುಣಪ್ಪ. "ಹೆಣ್ಣ ಹೆತ್ತವರು, ಎಲ್ಲಾರೂ ಅಷ್ಟ. ಕುಂತ್ರಿ, ಊಟಾ ಮಾಡ್ರಿ."

"ನಮ್ಮಲ್ಲೂ ಐತ್ರಿ," ಎಂದ ಜಹೀರ, ಮೆಲ್ಲಗೆ. "ಹೊರಗ ಹೇಳಂಗಿಲ್ಲ ಅಷ್ಟ."

ನಾಗರತ್ನಾ ಬಾಯಿಯ ಮುಖದಲ್ಲಿ ಒಂಥರಾ ಸಮಾಧಾನ ಮೂಡಿತು. "ಅಂದ್ರ ನಾ ಅವತ್ತ ಹೇಳಿದ್ದ ಖರೇ ಆತಲ್ರಿ. ಮನಿಗೆ ಹೋದಮ್ಯಾಲೆ ಎಲ್ಲಾರೂ ನೋಡೇ ನೋಡತಾರ." ಚಟ್ನಿಪುಡಿಯ ಡಬ್ಬಿಯನ್ನು ಪ್ರೀತಿಯಿಂದ ಅವರತ್ತ ಸರಿಸಿದರು.

ಆ ಪ್ರೀತಿ ಮಾಸ್ತರರಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಎಲ್ಲರೂ ಅವರನ್ನು ತಮ್ಮವರೇ ಎಂದು ಹತ್ತಿರ ಸೇರಿಸಿಕೊಂಡಿದ್ದರು. ಕಿಟಕಿಯ ಬಳಿ ಕುಳಿತ ನಿಂಗರಾಜನಿಗೆ ಮಾತ್ರ ಆ ಜಾಗ ಇನ್ನಷ್ಟು ಇಕ್ಕಟ್ಟಾಗಿತ್ತು.

"ಇಲ್ಲ ಬಾಯಾರ. ನಾ ಮಾಡಿದ್ದು ನಿಮ್ಮ ಮಾತಿಗೆ ಸಾಕ್ಷಿ ಆಗಬಾರದು. ನಾ ಹೇಳಿದ ಕಥಿ ಸುಳ್ಳಲ್ಲ. ಹೇಳಿದಾಂವ ಸುಳ್ಳ."

ನಿಂಗರಾಜ ಒಮ್ಮೆ ಅವರ ಕಡೆ ನೋಡಿದ. ಅದರಲ್ಲಿ ಕ್ಷಮೆ ಇತ್ತೋ ಇಲ್ಲವೋ ಮಾಸ್ತರರಿಗೆ ಓದಲಾಗಲಿಲ್ಲ.

ಮುಂದಿನ ಭಾನುವಾರ ಮಾಸ್ತರರು ಅವನ ಬೈಕಿನ ಹಿಂದೆ ಕುಳಿತು ಕಟಕೋಳಕ್ಕೆ ಹೋದರು. ಅಮೋಘಸಿದ್ದಪ್ಪ ಅಂಗಳದಲ್ಲಿ ಶೇಂಗಾ ಬಿಡಿಸುತ್ತ ಕುಳಿತಿದ್ದ. ಮಾಸ್ತರರು ಕೈಮುಗಿದು, ನಿಂತೇ, ಕುಲ ನೋಡಿ ಬೇಡವೆಂದದ್ದನ್ನು ಹೇಳಿ ತಪ್ಪಾಯಿತು ಎಂದರು. ಮುದುಕ ಪೂರ್ತಿ ಕೇಳಿಸಿಕೊಂಡ. ಕೈ ನಿಲ್ಲಿಸಲಿಲ್ಲ.

"ನನಗ ಎಪ್ಪತ್ತು ದಾಟೇತ್ರಿ," ಎಂದ ಕೊನೆಗೆ. "ಒಂದ್ಸಲ ಗುಡಿ ಬಿಟ್ಟು ಬಂದಾಂವ ನಾ. ಇನ್ನ ಎಲ್ಲಿಗೆ ಹೋಗಲ್ರಿ?"

ಮುದುಕ ಒಳಗೆ ತಿರುಗಿ ಹಿರಿಯ ಮಗನ ಹೆಂಡತಿಗೆ ರೊಟ್ಟಿ ಬಡಿಯಲು ಹೇಳಿದ. ತಾಟು ಬಂತು. ಮಾಸ್ತರರು ತಲೆ ಬಗ್ಗಿಸಿ ಉಂಡರು. ಯಾರ ಮುಖವನ್ನೂ ನೋಡುವ ಧೈರ್ಯ ಅವರಿಗೆ ಬರಲಿಲ್ಲ.