ಹರಿಯಬೇಕಾದ ದಾರ

ಊರಿನವರ ಬಾಯಲ್ಲಿ ಅವನು ಗಟ್ಟಿಹೊಲಿಗೆ ಟೈಲರ್. ಬಟ್ಟೆ ಸವೆದೀತು, ಬಣ್ಣ ಹೋದೀತು, ಅವನು ಹಾಕಿದ ಹೊಲಿಗೆ ಮಾತ್ರ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಮೂವತ್ತು ವರ್ಷಗಳಲ್ಲಿ ಒಬ್ಬರೂ ದೂರು ಹೊತ್ತು ಅವನ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಆ ಹೆಮ್ಮೆಯೇ ಈಗ ತಂಗಿಯ ಕುತ್ತಿಗೆಗೆ ಬಂದಿತ್ತು.

ತಂಗಿ ಶಾಲೆಯ ಪ್ರಯೋಗಾಲಯ ನೋಡಿಕೊಳ್ಳುವವಳು. ಇಪ್ಪತ್ತೆರಡು ವರ್ಷ ದಿನಾ ಬೆಳಗ್ಗೆ ಎಂಟಕ್ಕೆ ಅಂಗಳದ ಥರ್ಮಾಮೀಟರ್ ನೋಡಿ ಬರೆದಿಟ್ಟವಳಿಗೆ, ಮೋಡದಾಚೆ ಎಷ್ಟು ಚಳಿ ಇದೆಯೆಂದು ತಾನೇ ಅಳೆಯಬೇಕೆಂಬ ಹುಚ್ಚು. ಅದಕ್ಕೊಂದು ಹವಾಮಾನ ಬಲೂನು, ಕೆಳಗೆ ಅಳೆಯುವ ಉಪಕರಣದ ಡಬ್ಬಿ. ಎಲ್ಲವನ್ನೂ ಮೂರು ವರ್ಷ ಕೂತು ಹೊಂದಿಸಿದ್ದಳು. ಹಾರಿಸಲು ಅನುಮತಿ ಮಾತ್ರ ಸಿಕ್ಕಿರಲಿಲ್ಲ. ಮೊದಲ ಅರ್ಜಿ ನಕ್ಷೆಯಿಲ್ಲವೆಂದು ವಾಪಸ್ಸು ಬಂತು, ಎರಡನೆಯದು ಡಬ್ಬಿ ಭಾರವೆಂದು. ಮೂರನೆಯದೂ ಬಿದ್ದುಹೋದರೆ ಐದು ವರ್ಷ ಮತ್ತೆ ಕೇಳುವಂತಿಲ್ಲ. ಅಷ್ಟರಲ್ಲಿ ಅವಳಿಗೆ ನಿವೃತ್ತಿ.

ಆ ಮೂರನೆಯ ಅರ್ಜಿಯ ಮೇಲೆ, ಪರೀಕ್ಷೆಯಲ್ಲಿ ಗೆದ್ದರೆ, ಇವತ್ತು ಹತ್ತರಿಂದ ಹತ್ತೂವರೆಯವರೆಗೆ ಆಕಾಶ ಅವಳ ಪಾಲಿಗೆ. ಇಲಾಖೆಯ ಅಧಿಕಾರಿ ಶಾಲೆಯ ಮೈದಾನಕ್ಕೇ ಬಂದು ಒಂದೊಂದೇ ನಿಯಮಕ್ಕೆ ಗುರುತು ಹಾಕುತ್ತ ಬಂದ. ಕೊನೆಯದು ಬಲೂನಿಗೂ ಡಬ್ಬಿಗೂ ನಡುವಿನ ದಾರ. ಇಪ್ಪತ್ತು ಲೀಟರಿನ ನೀರಿನ ಕ್ಯಾನು ಕಟ್ಟಿದರೆ ಅದು ಹರಿಯಲೇಬೇಕು. ಪರೀಕ್ಷೆಗೆಂದೇ ತಂದಿದ್ದ ತುಂಡನ್ನು ಗೋಲಿನ ಕಂಬಕ್ಕೆ ಬಿಗಿದು ತುಂಬಿದ ಕ್ಯಾನು ನೇತುಹಾಕಿದರು. ಹರಿಯಲಿಲ್ಲ. ಅಧಿಕಾರಿ ತಾನೇ ಜಗ್ಗಿದ. ಊಹೂಂ.

"ದಾರ ವಿಮಾನಕ್ಕೆ ಸಿಕ್ಕಿಹಾಕ್ಕೊಂಡ್ರೆ ಸೋಲ್ಬೇಕಾದ್ದು ದಾರ ಮೇಡಂ, ವಿಮಾನ ಅಲ್ಲ," ಎಂದು ಪೆನ್ನಿನ ಮುಚ್ಚಳ ತೆಗೆದ.

"ಮನೇಲಿ ಮೂರು ಸಲ ನೋಡಿದ್ದೆ ಸಾರ್, ಹರಿದಿತ್ತು..." ತಂಗಿಯ ದನಿ ಇಳಿದುಹೋಯಿತು.

ಪಕ್ಕದಲ್ಲೇ ಬಲೂನು ಹಿಡಿದು ನಿಂತಿದ್ದ ಟೈಲರ್‌ಗೆ ಅದು ಯಾಕೆ ಹರಿಯಲಿಲ್ಲವೆಂದು ಗೊತ್ತಿತ್ತು. ನಿನ್ನೆ ಡಬ್ಬಿಯ ಪ್ಯಾರಾಚೂಟಿನ ಅಂಚು ಮಡಿಸಿಕೊಡೆಂದು ಅವಳು ಎಲ್ಲವನ್ನೂ ಅಂಗಡಿಯಲ್ಲಿ ಬಿಟ್ಟುಹೋಗಿದ್ದಳು. ಮೂರು ವರ್ಷದ ದುಡಿಮೆ ಈ ಬಡಕಲು ದಾರದ ಮೇಲೆ ನಿಂತಿದೆಯಲ್ಲ ಎಂದು ಜೀವ ತಡೆಯದೆ, ಅದನ್ನು ಕಿತ್ತೆಸೆದು ಬ್ಯಾಗು ಹೊಲಿಯುವ ಮೇಣದ ದಾರ ಕಟ್ಟಿದ್ದ. ಪರೀಕ್ಷೆಯ ತುಂಡನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮ! ಎರಡೂ ಬಿಳಿಯೇ, ಅವಳಿಗೆ ಗೊತ್ತಾಗಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡರೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

"ತಪ್ಪು ನಂದು ಸಾರ್. ದಾರ ಬದಲಾಯಿಸಿದ್ದು ನಾನು."

ತಂಗಿ ತಿರುಗಿದಳು. ಕೂಗಾಡಿದ್ದರೆ ವಾಸಿಯಿತ್ತು. "ಯಾಕಣ್ಣಾ?"

"ಬಿದ್ದುಹೋಗುತ್ತೆ ಅಂತ ಭಯ ಆಯ್ತು ಕಣೇ."

"ನಾನು ಲೆಕ್ಕ ಹಾಕಿರ್ತೀನಿ ಅಂತ ನಿಂಗೆ ಅನ್ನಿಸ್ಲೇ ಇಲ್ವಾ?"

ಅನ್ನಿಸಿರಲಿಲ್ಲ. ಚಿಕ್ಕಂದಿನಲ್ಲಿ ತಾನು ಕೈಹಿಡಿದು ರಸ್ತೆ ದಾಟಿಸಿದ ತಂಗಿ ಅವನ ಕಣ್ಣಿಗೆ ಇನ್ನೂ ರಸ್ತೆಯಂಚಿನಲ್ಲೇ ನಿಂತಿದ್ದಳು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

"ಹತ್ತೂ ಹತ್ತು," ಎಂದ ಅಧಿಕಾರಿ. "ಬೇರೆ ದಾರ ಇದ್ರೆ ನೋಡ್ತೀನಿ. ಹತ್ತೂವರೆ ದಾಟಿದ್ಮೇಲೆ ನನ್ನ ಕೇಳ್ಬೇಡಿ."

ಟೈಲರನ ಜೇಬಿನಲ್ಲಿ ಕಚ್ಚಾ ಹೊಲಿಗೆಯ ದಾರದ ಉಂಡೆಯಿತ್ತು. ನಿಜವಾದ ಹೊಲಿಗೆ ಬೀಳುವ ತನಕ ಬಟ್ಟೆಯನ್ನು ಹಿಡಿದಿಟ್ಟು, ಆಮೇಲೆ ಕಿತ್ತು ಬಿಸಾಡುವ ದಾರ. ಅವನು ಅದಕ್ಕೆ ಯಾವತ್ತೂ ಕವಡೆ ಕಿಮ್ಮತ್ತು ಕೊಟ್ಟವನಲ್ಲ.

"ಎಷ್ಟು ಎಳೆ?" ಎಂದು ಕೇಳಿದ. ದಾರದ ವಿಷಯದಲ್ಲಿ ಅವನು ಇನ್ನೊಬ್ಬರನ್ನು ಕೇಳಿದ್ದು ಅದೇ ಮೊದಲು.

"ಒಂದೆಳೆ ಎಷ್ಟು ತಡಿಯುತ್ತೆ?"

"ಒಂದು ಕಿಲೋ. ಹೆಚ್ಚಿಲ್ಲ."

"ಡಬ್ಬಿ ಒಂದೂವರೆ. ಗಾಳಿ ಜಗ್ಗೋದಕ್ಕೆ ಅಂತ ಹತ್ತು ಹಾಕು."

ಹತ್ತು ಎಳೆ ಹೊಸೆದ. ಕೈ ತಾನಾಗಿ ಹನ್ನೊಂದನೆಯದಕ್ಕೆ ಹೋಯಿತು. ಕೈ ಹಿಂದಕ್ಕೆಳೆದುಕೊಂಡು, ಹೊಸೆದದ್ದನ್ನು ಬಲೂನಿಗೂ ಡಬ್ಬಿಗೂ ನಡುವೆ ಕಟ್ಟಿದ. ಅಂಥದ್ದೇ ಇನ್ನೊಂದನ್ನು ಹೊಸೆದು ಕಂಬಕ್ಕೆ ಕಟ್ಟಿ ಕ್ಯಾನು ತೂಗಿಬಿಟ್ಟರು. ಫಟ್ಟೆಂದು ಹರಿದು, ನೀರೆಲ್ಲ ಅಧಿಕಾರಿಯ ಬೂಟಿನೊಳಗೆ. ಅವನು ಬೂಟನ್ನೊಮ್ಮೆ, ಟೈಲರನ್ನೊಮ್ಮೆ ನೋಡಿ, "ಇದಪ್ಪಾ ದಾರ!" ಎಂದು ಸಹಿ ಹಾಕಿದ.

ಹತ್ತೂ ಇಪ್ಪತ್ತೇಳಕ್ಕೆ ತಂಗಿ ಬಲೂನನ್ನು ಹಾರಬಿಟ್ಟಳು. ಅದು ಮರಗಳನ್ನು ದಾಟಿತು. ಗಾಳಿ ಡಬ್ಬಿಯನ್ನು ಒಂದೇ ಸಮನೆ ಜಗ್ಗುತ್ತಿತ್ತು. ಟೈಲರ್ ದಾರದಿಂದ ಕಣ್ಣು ಕೀಳಲಿಲ್ಲ. ಅವನು ತುಟಿ ಕಚ್ಚಿಕೊಂಡಿದ್ದನ್ನು ತಂಗಿ ಓರೆಗಣ್ಣಲ್ಲಿ ನೋಡಿದಳು.

"ಹತ್ತೇ ಎಳೆ ತಾನೇ ಹಾಕಿದ್ದು?"

"ಹತ್ತೇ."

"ಭಯ ಆಗ್ತಿದ್ಯಾ?"

"ಆಗ್ತಿದೆ ಕಣೇ. ಆದ್ರೆ ಲೆಕ್ಕ ನಿಂದಲ್ವಾ, ತಡಿಯುತ್ತೆ ಬಿಡು."